ಮಗ್ದಲದ ಮರಿಯಳ ಸಾಕ್ಷ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯ ಮಕ್ಕಳಿಗೆ ಬಯಲಾಟ ಚೆನ್ನಾಗಿ ಗೊತ್ತು, ಈಸ್ಟರ್ ಅಷ್ಟಾಗಿ ಗೊತ್ತಿಲ್ಲ. ಆದರೆ ಬೈಬಲ್ಲಿನ ಕನ್ನಡ ಅನುವಾದ ಸಿದ್ಧವಾದದ್ದು ನಮ್ಮ ಬಳ್ಳಾರಿಯಲ್ಲಿಯೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ಬಂದು ನೆಲೆಸಿ ಆರಂಭಿಸಿದ ಕಾರ್ಯ 1831ರ ವೇಳೆಗೆ ಪೂರ್ಣಗೊಂಡಿತು.

ಇತಿಹಾಸದ ತರಗತಿಯಲ್ಲಿ ‘ಸಾಕ್ಷ್ಯ’ವೆಂದರೇನೆಂದು ತಿಳಿಸಲು ನಾನೊಮ್ಮೆ ಈ ಕಥೆಯನ್ನೇ ಆಯ್ದುಕೊಂಡೆ. ಒಂದೇ ಬೆಳಗಿನ ಸಂಗತಿಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಮತ್ತಾಯನಲ್ಲಿ ಭೂಕಂಪವಿದೆ, ಕಾವಲುಗಾರರಿದ್ದಾರೆ, ಮಾರ್ಕನಲ್ಲಿ ಬಿಳಿಯ ನಿಲುವಂಗಿಯ ಒಬ್ಬ ಯುವಕ, ಲೂಕನಲ್ಲಿ ಇಬ್ಬರು. ಯೋಹಾನನಲ್ಲಿಯಾದರೋ ಮಗ್ದಲದ ಮರಿಯಳು ಇನ್ನೂ ಕತ್ತಲಿರುವಾಗಲೇ ಸಮಾಧಿಗೆ ಬರುತ್ತಾಳೆ. ಎದುರು ನಿಂತವನನ್ನು ತೋಟಗಾರನೆಂದೇ ಭಾವಿಸುತ್ತಾಳೆ.

ಪಾತ್ರಗಳನ್ನು ಹಂಚಿದೆ. ಗಂಡುಹುಡುಗರಿಗೆಲ್ಲ ಕಾವಲುಗಾರನ ವೇಷವೇ ಬೇಕು! ತಾವು ಮಲಗಿದ್ದಾಗ ಶಿಷ್ಯರು ಬಂದು ಶವವನ್ನು ಕದ್ದೊಯ್ದರೆಂದು ಹಣ ಪಡೆದು ಹೇಳುವವರು ಅವರು. “ಮಲಗಿದ್ದವರಿಗೆ ಕದ್ದವರು ಯಾರೆಂದು ಹೇಗೆ ತಿಳಿಯಿತು, ಸಾರ್?” ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಸಾಕ್ಷ್ಯದ ಪಾಠ ಅಲ್ಲಿಗೇ ಮುಗಿಯಬಹುದಿತ್ತು.

ತಪ್ಪು ಮಾಡಿದವನು ನಾನು. ಮರಿಯಳನ್ನು ‘ಮೊದಲು ಕೆಟ್ಟ ಹಾದಿಯಲ್ಲಿದ್ದವಳು’ ಎಂದು ಪರಿಚಯಿಸಿಬಿಟ್ಟೆ. ಆ ಪಾತ್ರಕ್ಕೆ ಒಪ್ಪಿದ್ದ ಹುಡುಗಿ ತಲೆ ತಗ್ಗಿಸಿ ಕುಳಿತಳು. ಅವಳ ತಾಯಿಗೆ ಮುತ್ತು ಕಟ್ಟಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1982ರ ಕಾಯಿದೆಯ ನಂತರವೂ ಅಂಥ ತಾಯಂದಿರ ಮಕ್ಕಳು ನಮ್ಮ ಶಾಲೆಗಳಲ್ಲಿದ್ದರು. ದಾಖಲಾತಿ ಪುಸ್ತಕದ ‘ತಂದೆಯ ಹೆಸರು’ ಎಂಬ ಅಂಕಣವೊಂದೇ ಅವರನ್ನು ಕುಗ್ಗಿಸಲು ಸಾಕಾಗಿತ್ತು.

ಅಂದು ರಾತ್ರಿ ನಾಲ್ಕೂ ಸುವಾರ್ತೆಗಳನ್ನು ತಿರುವಿ ಹಾಕಿದೆ. ನಾನು ಹೇಳಿದ ಮಾತು ಎಲ್ಲಿಯೂ ಇರಲಿಲ್ಲ! ಅವಳನ್ನು ಏಳು ದೆವ್ವಗಳು ಬಿಟ್ಟುಹೋದವೆಂದೂ, ತನ್ನ ಸ್ವಂತ ಸೊತ್ತಿನಿಂದ ಯೇಸುವಿನ ತಂಡಕ್ಕೆ ನೆರವಾದಳೆಂದೂ ಇದೆ, ಅಷ್ಟೇ. ಪೋಪ್ ಗ್ರೆಗೊರಿ 591ರ ಪ್ರವಚನದಲ್ಲಿ ಲೂಕನ ಕಥೆಯ ಹೆಸರಿಲ್ಲದ ಪಾಪಿ ಹೆಂಗಸನ್ನೂ ಇವಳನ್ನೂ ಒಂದಾಗಿಸಿದನೆಂದು, ರೋಮನ್ ಚರ್ಚು 1969ರಲ್ಲಿ ತನ್ನ ಪಂಚಾಂಗವನ್ನು ಪರಿಷ್ಕರಿಸುವಾಗ ಆ ಬೆಸುಗೆಯನ್ನು ಬಿಡಿಸಿತೆಂದು ಮುಂದೆ ಓದಿ ತಿಳಿದೆ. ಸುಮಾರು ಸಾವಿರದ ಮುನ್ನೂರೆಂಬತ್ತು ವರ್ಷ! ನಾನಾದರೋ ಅದನ್ನೇ ಆ ಮಕ್ಕಳ ಮುಂದೆ ಒಪ್ಪಿಸಿದ್ದೆ.

ಮರುದಿನ ತರಗತಿಯ ಎದುರು ನನ್ನ ತಪ್ಪನ್ನು ಒಪ್ಪಿಕೊಂಡು, ಪುಟ ತೆರೆದು ಓದಿಸಿದೆ. ಹುಡುಗಿ ಏನೂ ಹೇಳಲಿಲ್ಲ. ಪಾತ್ರವನ್ನು ಮಾತ್ರ ಬಿಡಲಿಲ್ಲ. ಆಟದ ದಿನ ಶಿಷ್ಯರ ವೇಷದವರು ಲೂಕನಲ್ಲಿರುವಂತೆ ಹೆಂಗಸರ ಮಾತನ್ನು ತಳ್ಳಿಹಾಕಿದಾಗ, ನಾನು ಬರೆದುಕೊಟ್ಟಿರದ ಒಂದು ಮಾತು ಅವಳ ಬಾಯಿಂದ ಬಂತು: “ನಾ ಕಂಡಿದ್ದು ನಾ ಹೇಳೀನಿ. ನಂಬದಿದ್ರ ನೀವೇ ಹೋಗಿ ನೋಡ್ರಿ.”

ಪೇತ್ರನ ವೇಷದ ಹುಡುಗ ಮುಂದಿನ ಮಾತು ಮರೆತು ಒಂದು ಕ್ಷಣ ನಿಂತ; ಆಮೇಲೆ ಓಡಿಯೇಬಿಟ್ಟ.