ಟಿಕೆಟ್ ಇಲ್ಲದ ಸರ್ಕಸ್

ಅಮೆರಿಕದ ಹಳೇ ಸರ್ಕಸ್ ಅಂದ್ರೆ ನಮಗೆ ಡೇರೆ, ಸಿಂಹ, ಜೋಕರ್ ನೆನಪಾಗ್ತಾರೆ. ಆದರೆ ಟಿಕೆಟ್ಟಿಗೆ ಕಾಸಿಲ್ಲದವರು ನೋಡಿದ್ದು ಬೆಳಿಗ್ಗೆ ಮುಖ್ಯ ಬೀದಿಯಲ್ಲಿ ಹೋಗ್ತಿದ್ದ ಮೆರವಣಿಗೆ ಮಾತ್ರ. ಅದು ಪುಕ್ಕಟೆ. ಕಂಪನಿಗೆ ಜಾಹೀರಾತು, ಊರಿಗೆ ಹಬ್ಬ.

ಮೆರವಣಿಗೆಯ ಹೀರೋ ಬಂಡಿ. ತೇರಿನ ಹಾಗೆ ಮೈತುಂಬಾ ಮರದ ಕೆತ್ತನೆ, ಅದರ ಮೇಲೆ ಚಿನ್ನದ ರೇಕು. ಚಕ್ರದ ಕಡ್ಡಿಗಳ ನಡುವೆ ಬಣ್ಣದ ಮರದ ತುಂಡು ಕೂರಿಸ್ತಿದ್ದರು, ಉರುಳುವಾಗ ಸೂರ್ಯನೇ ತಿರುಗಿದ ಹಾಗೆ ಕಾಣಲಿ ಅಂತ.

ಬಾರ್ನಮ್ ಅಂಡ್ ಬೈಲಿ ಸರ್ಕಸ್ ಐದು ವರ್ಷ ಯುರೋಪ್ ಸುತ್ತಿ ವಾಪಸ್ ಬಂದಾಗ, 1903ರಲ್ಲಿ, 'ಟೂ ಹೆಮಿಸ್ಫಿಯರ್ಸ್' ಎಂಬ ಬ್ಯಾಂಡ್ ಬಂಡಿ ಮಾಡಿಸಿತು. ಒಂದು ಮಗ್ಗುಲಲ್ಲಿ ಪೂರ್ವಗೋಳ, ಇನ್ನೊಂದರಲ್ಲಿ ಪಶ್ಚಿಮಗೋಳ. ಎಳೆಯೋಕೆ 40 ಕುದುರೆ, ನಾಲ್ಕು ನಾಲ್ಕರಂತೆ ಹತ್ತು ಸಾಲು. ಅಷ್ಟಕ್ಕೂ ಲಗಾಮು ಹಿಡಿದವನು ಒಬ್ಬನೇ! ಬೀದಿ ತಿರುವಿನಲ್ಲಿ ಅವನ ಎದೆ ಹೇಗೆ ಹೊಡ್ಕೊಂಡಿರಬೇಕು ನೋಡಿ. ಜೊತೆಗೆ ಏಷ್ಯಾ, ಆಫ್ರಿಕಾ, ಯುರೋಪ್, ಅಮೆರಿಕದ ಹೆಸರಿನ ಬಂಡಿಗಳು. ಹಳ್ಳಿ ಹುಡುಗನಿಗೆ ಜಗತ್ತೇ ಮನೆ ಬಾಗಿಲಿಗೆ ಬಂತು ನಿಜ, ಆದರೆ ಅದು ಸರ್ಕಸ್ ಮಾಲೀಕ ಮಾರಲು ಬಯಸಿದ ಜಗತ್ತು.

ಇವನ್ನು ಕೆತ್ತಿದವರು ಯಾರು? ಹಡಗಿನ ಮೂತಿಗೆ ಬೊಂಬೆ ಕೆತ್ತುವ ಕಸುಬಿನವರು. ಕಬ್ಬಿಣದ ಹಡಗು ಬಂದ ಮೇಲೆ ಅವರಿಗೆ ಕೆಲಸ ಕಮ್ಮಿಯಾಯ್ತು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ರಾಬ್ ತಂಬಾಕು ಅಂಗಡಿಗಳ ಮುಂದಿನ ಮರದ ಬೊಂಬೆಗಳಿಗೆ ಹೆಸರಾದವನು, ಸರ್ಕಸ್ ಬಂಡಿಗೂ ಕೆತ್ತಿದ. ಅವನ ಹೆಸರಾದರೂ ಉಳಿದಿದೆ. ಉಳಿ ಹಿಡಿದ ಬಹುಪಾಲು ಕೈಗಳಿಗೆ ಹೆಸರೇ ಇಲ್ಲ.

ಇನ್ನೊಂದು ವಿಷಯ. ದಕ್ಷಿಣದ ರಾಜ್ಯಗಳಲ್ಲಿ ಡೇರೆಯೊಳಗೆ ಕಪ್ಪು ಜನರಿಗೆ ಬೇರೆ ಸೀಟು. ವಾದ್ಯದಲ್ಲೂ ಅದೇ ಭೇದ. ದೊಡ್ಡ ಡೇರೆಯ ಬ್ಯಾಂಡ್ ಬಿಳಿಯರದ್ದು, ಪಿ.ಜಿ. ಲೋವರಿಯಂಥ ಅಪ್ರತಿಮ ಕಾರ್ನೆಟ್ ವಾದಕನಿಗೆ ಸೈಡ್‌ಶೋ ಡೇರೆ. ಮೆರವಣಿಗೆಯಲ್ಲಿ ಮಾತ್ರ ಸೈಡ್‌ಶೋ ಬ್ಯಾಂಡಿನ ಸಂಗೀತ ಇಡೀ ಬೀದಿಗೆ ಕೇಳಿಸ್ತಿತ್ತು.

ಕಾರು, ಟ್ರಾಮ್ ಹೆಚ್ಚಿ ಬೀದಿಯಲ್ಲಿ ಜಾಗವೇ ಸಿಗದಾಯ್ತು. ದೊಡ್ಡ ಕಂಪನಿಗಳು 1920ರ ಸುಮಾರಿಗೆ ಮೆರವಣಿಗೆ ಕೈಬಿಟ್ಟವು. ಬಂಡಿಗಳು ಬಯಲಲ್ಲಿ ಮಳೆಗೆ ನೆನೆದವು. ಇಂಡಿಯಾನಾದ ಪೆರು ಊರಲ್ಲಿ 1941ರಲ್ಲಿ ರಾಶಿ ಹಾಕಿ ಬೆಂಕಿ ಇಟ್ಟರು. ಮರ ಬೂದಿಯಾದ ಮೇಲೆ ಕಬ್ಬಿಣ ಆರಿಸಿಕೊಳ್ಳೋಕೆ.

ಉಳಿದವನ್ನು ನೋಡಬೇಕಿದ್ದರೆ ವಿಸ್ಕಾನ್ಸಿನ್‌ನ ಬಾರಬೂ. ರಿಂಗ್ಲಿಂಗ್ ಅಣ್ಣತಮ್ಮಂದಿರ ಸರ್ಕಸ್ ಚಳಿಗಾಲ ಕಳೆಯುತ್ತಿದ್ದ ಜಾಗದಲ್ಲೇ 1959ರಲ್ಲಿ ತೆರೆದ ಮ್ಯೂಸಿಯಂ ಅದು. ಈಗಲ್ಲಿ 200ಕ್ಕೂ ಹೆಚ್ಚು ಬಂಡಿಗಳಿವೆ. ಹೋಗೋಕೆ ಟಿಕೆಟ್ ಬೇಕು.