ಮಾನಸೋಲ್ಲಾಸದ ಮಲ್ಲರು: ಶ್ರಮದಿಂದ ವಿದ್ಯೆಗೆ

ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದ ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣ ಭರತನನ್ನು ಮೇಲೆತ್ತುತ್ತಾನೆ, ಆದರೆ ನೆಲಕ್ಕೆ ಅಪ್ಪಳಿಸದೆ ಇಳಿಸುತ್ತಾನೆ. ಆ ಸಂಯಮದಲ್ಲಿ ವೈರಾಗ್ಯದ ಬೀಜವನ್ನು ಕಾಣುವುದು ಸಹಜ. ಮಲ್ಲವಿದ್ಯೆಯ ದೃಷ್ಟಿಯಿಂದ ಅಲ್ಲಿ ಮತ್ತೊಂದು ಸಂಗತಿಯೂ ಇದೆ: ಎತ್ತಿದ ದೇಹವನ್ನು ಮೆಲ್ಲನೆ ಇಳಿಸುವುದಕ್ಕೆ ಎಸೆಯುವುದಕ್ಕಿಂತ ಹೆಚ್ಚಿನ ಹಿಡಿತ ಬೇಕು. ಪುರಾಣಪುರುಷನಿಗೆ ಅದು ಹುಟ್ಟಿನಿಂದಲೇ ಒದಗಿತು. ಸಾಮಾನ್ಯ ಮಲ್ಲನು ಅದನ್ನು ಕಲಿಯಬೇಕಾಗಿತ್ತು.

ಆ ಕಲಿಕೆಯ ವಿವರ ದೊರೆಯುವುದು ಸುಮಾರು ಎರಡು ಶತಮಾನಗಳ ಅನಂತರದ ಸಂಸ್ಕೃತ ಗ್ರಂಥದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವು 5 ವಿಂಶತಿಗಳ, 100 ಅಧ್ಯಾಯಗಳ ವಿಶ್ವಕೋಶ. ಅದರ ‘ಮಲ್ಲವಿನೋದ’ ಪ್ರಕರಣವು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸುತ್ತದೆ. ವಯಸ್ಸು, ದೇಹ, ಬಲಗಳನ್ನು ಪರಿಗಣಿಸುತ್ತದೆ. ಎಲ್ಲರಿಗೂ ಒಂದೇ ಅಳತೆಗೋಲು ಸಲ್ಲದೆಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ.

ಗಮನಾರ್ಹವಾದುದು ಅಭ್ಯಾಸಕ್ಕೆ ಬಳಸಿದ ‘ಶ್ರಮ’ ಎಂಬ ಪದ. ಭಾರವನ್ನೆತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಮಾಡುವುದು ಸಲಿಲಶ್ರಮ, ತೋಳುಗಳನ್ನು ಹದಗೊಳಿಸುವುದು ಬಾಹುಪೆಲ್ಲಣಶ್ರಮ, ಕಂಬವನ್ನು ಆಶ್ರಯಿಸಿದ್ದು ಸ್ತಂಭಶ್ರಮ. ಇಂದಿನ ಮಲ್ಲಕಂಬದ ಪ್ರಾಚೀನ ರೂಪವನ್ನು ಈ ಕೊನೆಯದರಲ್ಲಿ ಗುರುತಿಸುವುದುಂಟು. ಕಾಳಗವೆಂಬ ಇಡಿಯನ್ನು ಬಿಡಿಬಿಡಿಯಾಗಿ ಒಡೆದು, ಬಲ, ಉಸಿರು, ಹಿಡಿತಗಳನ್ನು ಬೇರೆಬೇರೆಯಾಗಿ ಸಾಧಿಸುವ ಕ್ರಮವಿದು. ಕಣದಲ್ಲಿ ಕ್ಷಣಮಾತ್ರದಲ್ಲಿ ಮಿಂಚುವ ಪಟ್ಟಿನ ಹಿಂದೆ ಇಂಥ ಅನೇಕ ಪುನರಾವರ್ತನೆಗಳಿರುತ್ತವೆ. ಕಾವ್ಯವು ಕಾಳಗದ ದಿನವನ್ನು ವರ್ಣಿಸಿದರೆ, ಈ ಶಾಸ್ತ್ರವು ಅದರ ಹಿಂದಿನ ದಿನಗಳನ್ನು ಉಳಿಸಿಕೊಟ್ಟಿದೆ.

ಅಭ್ಯಾಸದಷ್ಟೇ ಆಹಾರವೂ ಮುಖ್ಯವೆಂದು ಗ್ರಂಥಕಾರನು ತಿಳಿದಿದ್ದನು. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು ಮುಂತಾದವುಗಳನ್ನು ಒದಗಿಸುವ ಹೊಣೆ ರಾಜನದು. ಆದರೆ ಈ ಪೋಷಣೆಗೆ ಇನ್ನೊಂದು ಮುಖವಿದೆ. ಪ್ರಕರಣವು ಸೇರಿರುವುದು ರಾಜನ ವಿನೋದಗಳ ವಿಂಶತಿಗೆ. ಮಲ್ಲನ ಊಟ, ಬ್ರಹ್ಮಚರ್ಯಗಳೆರಡೂ ಅರಮನೆಯ ಕಟ್ಟಳೆಗೆ ಒಳಪಟ್ಟಿದ್ದವು. ಶ್ರಮ ಅವನದು, ವಿನೋದ ಪ್ರಭುವಿನದು.

ಆದುದರಿಂದ ‘ಮಲ್ಲವಿನೋದ’ವನ್ನು ಅರಮನೆಯ ವೈಭವದ ದಾಖಲೆಯೆಂದಷ್ಟೇ ಓದಿದರೆ ಸಾಲದು. ದೇಹವೂ ಕ್ರಮವಾಗಿ ಕಲಿಯುತ್ತದೆ, ಆ ಕಲಿಕೆಯನ್ನು ಶಾಸ್ತ್ರವಾಗಿ ಬರೆದಿಡಬಹುದು ಎಂಬ ತಿಳಿವು ಕನ್ನಡನಾಡಿನ ಆಸ್ಥಾನವೊಂದರಲ್ಲಿ 12ನೆಯ ಶತಮಾನದಲ್ಲೇ ಮೂಡಿತ್ತು. ಆ ತಿಳಿವು ರಾಜನ ಹೆಸರಿನಲ್ಲಿ ಉಳಿದಿದೆ. ಅದನ್ನು ಮೈಯಲ್ಲಿ ಬೆಳೆಸಿದವರು ಗರಡಿಯ ಅನಾಮಿಕರು.