ನಡುವಿನ ಸಾಲಾರ್ ಜಂಗ್

ಸೇಡಂ ತಾಲ್ಲೂಕಿನ ನಮ್ಮ ಮನೆಯ ಟ್ರಂಕಿನಲ್ಲಿ ಹೊಲದ ಹಳೆಯ ಕಾಗದವೊಂದಿದೆ. ಪೂರಾ ಉರ್ದು. ನಿಜಾಮನ ಕಾಲದ ಶಾಲೆಯಲ್ಲಿ ಕಲಿತ ಮುತ್ಯಾ ಅದನ್ನು ಸರಾಗವಾಗಿ ಓದುತ್ತಿದ್ದ. ಅಪ್ಪನಿಗೂ ನನಗೂ ಒಂದಕ್ಷರ ತಿಳಿಯದು. ಕನ್ನಡದ ಊರಿನ ಹೊಲಕ್ಕೆ ಉರ್ದು ಕಾಗದ ಹೇಗೆ ಬಂತೆಂದು ಹುಡುಕುತ್ತ ಹೋದಾಗ ಎದುರಾದವರು ಮೀರ್ ಲಾಯಕ್ ಅಲಿ ಖಾನ್, ಅಂದರೆ ಎರಡನೆಯ ಸಾಲಾರ್ ಜಂಗ್. (1947–48ರಲ್ಲಿ ಹೈದರಾಬಾದಿನ ಪ್ರಧಾನಿಯಾಗಿದ್ದ ಮೀರ್ ಲಾಯಕ್ ಅಲಿ ಬೇರೆ. ಮೊದಮೊದಲು ನಾನೂ ಇಬ್ಬರನ್ನು ಒಬ್ಬರೆಂದುಕೊಂಡಿದ್ದೆ.)

ಇವರ ತಂದೆ ಮೊದಲನೆಯ ಸಾಲಾರ್ ಜಂಗ್ 1853ರಿಂದ ಮೂವತ್ತು ವರ್ಷ ದಿವಾನರಾಗಿದ್ದವರು. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ರೈಲು 1874ರಲ್ಲಿ ಓಡತೊಡಗಿದ್ದು ಅವರ ಕಾಲದಲ್ಲೇ. ಮೊಮ್ಮಗ ಮೂರನೆಯ ಸಾಲಾರ್ ಜಂಗ್ ಕೂಡಿಟ್ಟದ್ದೇ ಹೈದರಾಬಾದಿನ ಮ್ಯೂಸಿಯಂ. ನಡುವಿನವರನ್ನು ಕೇಳುವವರಿಲ್ಲ.

1883ರಲ್ಲಿ ತಂದೆ ಕಾಲರಾದಿಂದ ತೀರಿಕೊಂಡರು. ಮರುವರ್ಷ ಫೆಬ್ರವರಿಯಲ್ಲಿ ವೈಸರಾಯ್ ರಿಪನ್ ಬಂದು ಮಹಬೂಬ್ ಅಲಿ ಖಾನನಿಗೆ ಅಧಿಕಾರ ವಹಿಸಿಕೊಟ್ಟ. ನಿಜಾಮನಿಗಿನ್ನೂ ಹದಿನೆಂಟು ತುಂಬಿರಲಿಲ್ಲ. ದಿವಾನರಾದ ಲಾಯಕ್ ಅಲಿ ಇಪ್ಪತ್ತು ದಾಟಿದ್ದರಷ್ಟೇ. ತಂದೆ ಕೊನೆಯವರೆಗೂ ಉಳಿಸಿಕೊಂಡಿದ್ದ ಫಾರ್ಸಿಯನ್ನು ಬಿಟ್ಟು ಆಡಳಿತವನ್ನು ಉರ್ದುವಿಗೆ ಹೊರಳಿಸಿದ್ದು ಈ ಮಗ, ಅದೇ 1884ರಲ್ಲಿ.

ಹೈದರಾಬಾದ್ ಪಟ್ಟಣದಲ್ಲಿ ಕೂತು ನೋಡಿದರೆ ಇದು ಸುಧಾರಣೆಯೇ: ಬಾಯಲ್ಲಿದ್ದ ಮಾತು ಕಾಗದಕ್ಕೆ ಬಂತು. ಚಿಂಚೋಳಿಯ ರೈತನಿಗೆ? ಮೊದಲೂ ಕಾಗದ ಹಿಡಿದು ಓದಿ ಹೇಳುವವರನ್ನು ಹುಡುಕಬೇಕಿತ್ತು, ಆಮೇಲೂ. ಫಾರ್ಸಿಯಾದರೋ ಹೆಚ್ಚಾಗಿ ಕಚೇರಿಯಲ್ಲೇ ಉಳಿದಿತ್ತು. ಉರ್ದು ನಮ್ಮ ಶಾಲೆಗಳಿಗೂ ಬಂತು, 1918ರ ಉಸ್ಮಾನಿಯಾ ವಿಶ್ವವಿದ್ಯಾಲಯದವರೆಗೂ ಹೋಯಿತು. ಮೂರು ವರ್ಷವಷ್ಟೇ ಅಧಿಕಾರದಲ್ಲಿದ್ದ ತರುಣನ ಮೇಲೆ ಇದನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಆದರೂ ರಾಜ್ಯದ ಬಹುಪಾಲು ಜನರ ತೆಲುಗು, ಮರಾಠಿ, ಕನ್ನಡಗಳಿಗೆ ಆ ಬದಲಾವಣೆಯಲ್ಲಿ ಜಾಗವಿರಲಿಲ್ಲ ಎಂಬುದನ್ನು ನಾನು ಮರೆಯಲಾರೆ.

ನಿಜಾಮನೊಡನೆ ಹೊಂದಾಣಿಕೆ ಕೆಟ್ಟು 1887ರಲ್ಲಿ ರಾಜೀನಾಮೆ ಕೊಟ್ಟು ಲಾಯಕ್ ಅಲಿ ಯುರೋಪಿಗೆ ಹೊರಟರು. ಆ ಪ್ರವಾಸದ ಬಗ್ಗೆ ಲಂಡನ್ನಿನ ಮಾಸಿಕವೊಂದರಲ್ಲಿ ಇಂಗ್ಲಿಷಿನಲ್ಲಿ ಬರೆದರು. ಹೈದರಾಬಾದಿನಿಂದ ಮುಂಬಯಿಗೆ ಆಗಿನ ರೈಲುದಾರಿ ಇದೇ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್. ಕಿಟಕಿಯಾಚೆ ಇದ್ದದ್ದು ಅವರ ಹುಕುಂ ತಲುಪಿದ ಊರುಗಳೇ. 1889ರ ಜುಲೈನಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ಪುಣೆಯಲ್ಲಿ ಹುಟ್ಟಿದ ಮಗನಿಗೆ ಆಗ ತಿಂಗಳೂ ಆಗಿರಲಿಲ್ಲ.

ಕಳೆದ ವರ್ಷ ಆ ಕಾಗದವನ್ನು ಶಹಾಬಾದಿನ ನಿವೃತ್ತ ಉರ್ದು ಮೇಷ್ಟ್ರೊಬ್ಬರಲ್ಲಿಗೆ ಒಯ್ದೆ. ಎಕರೆ, ಗುಂಟೆ, ಚಕ್ಕುಬಂದಿ, ಎಲ್ಲ ಓದಿ ಹೇಳಿದರು. ಕೊನೆಯ ಸಾಲಿಗೆ ಬಂದು ಕಾಗದವನ್ನು ನನ್ನತ್ತ ತಿರುಗಿಸಿದರು, “ಇದು ನನಗೆ ಬರಲ್ಲ, ನೀವೇ ಓದ್ರಿ.” ಮುತ್ಯಾನ ಅಪ್ಪನ ಸಹಿ, ಕನ್ನಡದಲ್ಲಿತ್ತು.